ಎರಡು ಬಾಲದ ಮರಿ

ಇದೆಲ್ಲ ಹೀಗೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನಲ್ಲಿ ಎರಡು ಬಾಲದ ಒಂದು ಕುರಿಮರಿ ಇದೆ. ಎರಡು ಬಾಲದ ಕುರಿಮರಿ ಇರುವುದಿಲ್ಲ. ಹಾಗಿದ್ದ ಮೇಲೆ ಅದರ ಸುತ್ತ ನೆನಪಿರುವ ಬಿಸಿಲು, ಕಲ್ಲಿನ ಗೋಡೆ, ನನ್ನ ರಟ್ಟೆ ಹಿಡಿದೆಳೆದ ಸೋದರತ್ತಿಯ ಕೈ, ಇವನ್ನಾದರೂ ಎಷ್ಟು ನಂಬಬೇಕು? ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದವನು ನಾನು. ಈಗ ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ನೆನಪು ಪೆಟ್ಟಿಗೆಯೊಳಗೆ ಮಡಿಚಿಟ್ಟ ಸೀರೆಯ ಹಾಗಲ್ಲ, ತೆಗೆದಾಗಲೆಲ್ಲ ಹೊಸದಾಗಿ ನೇಯುತ್ತೇವೆ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಹೇಳಿ ಹೊರಬಿದ್ದವನು ಸಂತೆಯಲ್ಲಿ ತಂಬಾಕು ಮಾರುವವನ ಮುಂದೆ ಹಾಯುತ್ತೇನೆ. ಅಕಾಲದ ಮಳೆ ಬಿದ್ದು ಅವನ ಎಲೆಯ ರಾಶಿಯ ಅಂಚು ನೆನೆದಿದ್ದರೆ ಅಷ್ಟೇ ಸಾಕು. ಆ ಘಾಟು ಮೂಗಿಗೆ ಬಡಿದ ಕ್ಷಣ ನನಗೆ ಒಂಬತ್ತು ವರ್ಷ. ಅಂಗೈಯೆಲ್ಲ ಕಂದು ಬಣ್ಣ. ಎದುರಿಗೆ ಒಂದು ಕಪ್ಪು ಮರಿ ನಡುಗುತ್ತ ನಿಂತಿದೆ.

ನಮ್ಮ ಮನೆ ಇಂಡಿಯಿಂದ ಸಿಂದಗಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿತ್ತು. ಮಣ್ಣಿನ ಮಾಳಿಗೆ, ಅದರ ಹಿಂದೆ ಎದೆಯೆತ್ತರದ ಕಲ್ಲಿನ ಗೋಡೆ, ಗೋಡೆಯ ಮೇಲೆ ಜಾಲಿಮುಳ್ಳು, ಒಳಗೆ ಕುರಿಗಳು. ಹಿಂಡು ಮುತ್ಯಾನದು, ಎಂದರೆ ಅಪ್ಪನ ಅಪ್ಪನದು. ಆದರೆ ಕುರಿ ಈಯುವ ಕಾಲ ಬಂದರೆ ಹಟ್ಟಿಯ ಒಡೆತನ ನೀಲವ್ವತ್ತಿಯ ಕೈಗೆ ಹೋಗುತ್ತಿತ್ತು. ಅವಳು ನನ್ನ ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ತವರಿಗೆ ಬಂದವಳು, ಮತ್ತೆ ಹೋಗಲಿಲ್ಲ. ಯಾಕೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಕ್ಕಳಿಗೆ ಅವಳು ಮೊದಲಿನಿಂದಲೂ ಅಲ್ಲೇ ಇದ್ದವಳು, ಗೋಡೆಯ ಕಲ್ಲು ಇದ್ದ ಹಾಗೆ. ಈಯುವ ದಿನಗಳಲ್ಲಿ ಮುತ್ಯಾ ಕೂಡ ಹಟ್ಟಿಯ ಬಾಗಿಲಲ್ಲಿ ನಿಂತು, ಒಳಗೆ ಬರಲೇನವ್ವಾ ಎಂದು ಮಗಳನ್ನು ಕೇಳಿಯೇ ಕಾಲಿಡುತ್ತಿದ್ದ. ಕೈಗೆ ಬೀಡಿಯ ವಾಸನೆ ಇದ್ದರೆ ಅವಳು ಅವನನ್ನೂ ಹಿಂದಕ್ಕೆ ಅಟ್ಟುತ್ತಿದ್ದಳು.

ದಸರೆ ಕಳೆದು ಬೆಳಗಿನ ಚಳಿ ಮೊದಲಾಗುವ ಹೊತ್ತಿಗೆ ಕುರಿಗಳ ಹೊಟ್ಟೆ ಜಗ್ಗುತ್ತಿತ್ತು. ಮಳೆಗಾಲದಲ್ಲಿ ಹತ್ತಿದ ಉಣ್ಣಿಗಳು ಆಗ ಮೈತುಂಬ ಇರುತ್ತಿದ್ದವು. ಉಣ್ಣಿ ಎಂದರೆ ರಕ್ತ ಕುಡಿದು ಔಡಲ ಬೀಜದಷ್ಟು ಊದಿಕೊಳ್ಳುವ ಹುಳು. ಟಗರುಗಳಿಗೂ ಗಬ್ಬವಿಲ್ಲದ ಕುರಿಗಳಿಗೂ ಔಷಧಿ ಬೇರೆ ಇತ್ತು. ತಂಬಾಕಿನ ಕಡ್ಡಿಯನ್ನು ರಾತ್ರಿಯಿಡೀ ಗಡಿಗೆಯಲ್ಲಿ ನೆನೆಹಾಕಿ, ಸೀತಾಫಲದ ಬೀಜ ಕುಟ್ಟಿ ಹಾಕಿ, ಆ ನೀರನ್ನು ಹುಲ್ಲಿನ ಸಿಂಬಿಯಿಂದ ಮೈಗೆ ತಿಕ್ಕುವುದು. ಆದರೆ ತುಂಬಿದ ಹೊಟ್ಟೆಯ ಕುರಿಗೆ ಆ ನೀರು ಸೋಕಬಾರದು. ಈದ ಕುರಿಗೂ ಸೋಕಬಾರದು, ಮರಿಯ ಬಾಯಿ ಕೆಚ್ಚಲಿಗೆ ಹೋಗುತ್ತದೆ. ಅವುಗಳ ಉಣ್ಣಿಯನ್ನು ಕೈಯಿಂದಲೇ ಆರಿಸಬೇಕು. ಅತ್ತಿ ಎಳೆಬಿಸಿಲಿಗೆ ಕಾಲು ಚಾಚಿ ಕೂತು, ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯ ಹಿಂದೆ, ಕಂಕುಳಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸುತ್ತಿದ್ದಳು. ಕಣ್ಣು ಎಲ್ಲೋ ಇರುತ್ತಿತ್ತು, ಬೆರಳು ಹುಡುಕುತ್ತಿತ್ತು. ಸಿಕ್ಕಿದ್ದನ್ನು ಸಣ್ಣಗೆ ತಿರುವಿ ಕಿತ್ತು, ಉಪ್ಪುನೀರಿನ ಚಿಪ್ಪಿಗೆ ಹಾಕಿ, ಕಿತ್ತ ಜಾಗಕ್ಕೆ ಅರಿಶಿಣ ಕಲಸಿದ ಕುಸುಬಿ ಎಣ್ಣೆ ಒತ್ತುತ್ತಿದ್ದಳು. ಕುರಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ನನಗೂ ಒಂದು ಚಿಪ್ಪು ಇತ್ತು. ಅವಳ ಚಿಪ್ಪು ಎರಡು ಸಲ ತುಂಬುವುದರೊಳಗೆ ನನ್ನದು ಅರ್ಧವಾಗಿರುತ್ತಿತ್ತು. ಮುತ್ಯಾನಿಗೆ ತೋರಿಸಿ, ನೋಡಪಾ, ನಮ್ಮ ಮನ್ಯಾಗ ಉಣ್ಣಿ ಡಾಕ್ಟರ ಹುಟ್ಟ್ಯಾನ ಎಂದು ನಗುತ್ತಿದ್ದಳು.

ಇನ್ನು ಹುಟ್ಟಿದ ಮರಿಗೆ ಯಾವ ಔಷಧಿಯೂ ಇಲ್ಲ. ಎಂಟು ದಿನ ಬೇರೆಯವರ ಕೈ ಸಹ ಇಲ್ಲ. ಅದಕ್ಕೆ ಅವಳು ಕೊಡುತ್ತಿದ್ದ ಕಾರಣ ನನಗೆ ಮಾತಿಗೆ ಮಾತು ನೆನಪಿದೆ, ಅಥವಾ ಹಾಗೆಂದು ಅನಿಸುತ್ತದೆ. "ಮರಿ ಮೈಗೆ ಅದರದ ಒಂದ ವಾಸನಿ ಇರ್ತೈತಿ ತಮ್ಮಾ. ತಾಯಿ ಕಣ್ಣಿಂದ ನೋಡೂದಿಲ್ಲ, ಮೂಗಿಂದ ನೋಡತೈತಿ. ಆ ವಾಸನಿ ಹೋತಂದ್ರ, ಎದುರಿಗೆ ನಿಂತ್ರೂ ಅದಕ್ಕ ಮರಿ ಕಾಣೂದಿಲ್ಲ."

ಆ ವರ್ಷ ಮಳೆ ತಡವಾಗಿ ನಿಂತಿತ್ತು, ಉಣ್ಣಿ ಹೆಚ್ಚಾಗಿತ್ತು. ಕೆಂಚಿ ಎಂಬ ಕುರಿ ಒಂದು ಬೆಳಿಗ್ಗೆ ಕಪ್ಪು ಮರಿ ಹಾಕಿತು. ಹಿಂದಿನ ಎಡಗಾಲು ಮಾತ್ರ ಮೊಣಕಾಲಿನ ಕೆಳಗೆ ಬೆಳ್ಳಗೆ, ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಅದನ್ನು ನೋಡಿದವನು ನಾನು, ಆದ್ದರಿಂದ ಅದು ನನ್ನ ಮರಿ ಎಂದು ಅತ್ತಿಯೇ ಹೇಳಿದಳು. ಮೂರನೇ ದಿನ ಅದರ ಕಿವಿಯೊಳಗೂ ಕಣ್ಣಿನ ರೆಪ್ಪೆಯ ಮೇಲೂ ಸಣ್ಣ ಉಣ್ಣಿಗಳು ಸಾಲಾಗಿ ಕೂತಿದ್ದವು. ಅತ್ತಿ ಬಾವಿಗೆ ಹೋಗಿದ್ದಳು, ಮುತ್ಯಾ ಸಿಂದಗಿಗೆ. ಟಗರಿಗೆ ಹಚ್ಚಿ ಉಳಿದ ನೀರು ಗಡಿಗೆಯ ತಳದಲ್ಲಿತ್ತು. ಅತ್ತಿಯ ಮಾತು ನನಗೆ ಮರೆತಿತ್ತೋ, ಅಥವಾ ನನ್ನ ಮರಿಗೆ ಅದು ಅನ್ವಯಿಸುವುದಿಲ್ಲ ಎಂದುಕೊಂಡೆನೋ ತಿಳಿಯದು. ತಲೆಯಿಂದ ಬಾಲದವರೆಗೆ, ಗೊರಸಿನ ಸಂದಿಯನ್ನೂ ಬಿಡದೆ, ಸಾಲಿಯಲ್ಲಿ ಕಲಿಸಿದ ಸ್ವಚ್ಛತೆಯ ಪಾಠದ ಹಾಗೆ ತೊಳೆದೆ. ಉಣ್ಣಿಗಳು ಉದುರಿದವು. ಹೆಮ್ಮೆಯಿಂದ ಒಯ್ದು ಕೆಂಚಿಯ ಮುಂದೆ ಬಿಟ್ಟೆ. ಕೆಂಚಿ ಮೂಸಿತು. ಮುಖ ಎತ್ತಿತು. ಮತ್ತೊಮ್ಮೆ ಮೂಸಿತು. ಆಮೇಲೆ ತಲೆ ತಗ್ಗಿಸಿ ಅದನ್ನು ಗುದ್ದಿ ಗೋಡೆಗೆ ಒಗೆಯಿತು. ಒಗೆದು, ಸುತ್ತಲೂ ನೋಡುತ್ತ, ತನ್ನ ಮರಿಗಾಗಿ ಒದರತೊಡಗಿತು.

ಅತ್ತಿ ಬಂದವಳು ನನ್ನ ಕೈ ಮೂಸಿದಳು. ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ. ಮರಿಗೆ ಮೂರು ಸಲ ಬಿಸಿನೀರು ಹಾಕಿದಳು, ಕಂಬಳಿಯಲ್ಲಿ ಸುತ್ತಿ ಬಿಸಿಲಿಗೆ ಹಿಡಿದಳು, ಕೆಂಚಿಯ ಹಾಲನ್ನೇ ಹಿಂಡಿ ಅದರ ಮೈಗೆ ಸವರಿದಳು, ಉಪ್ಪು ಉದುರಿಸಿದಳು. ಕೆಂಚಿ ಉಪ್ಪು ನೆಕ್ಕಿತು, ನೆಕ್ಕಿ ಮುಗಿದ ಮೇಲೆ ಮತ್ತೆ ಗುದ್ದಿತು. ಮರಿಯ ಕತ್ತು ಒಂದು ಕಡೆಗೆ ವಾಲುತ್ತಿತ್ತು, ಜೊಲ್ಲು ಇಳಿಯುತ್ತಿತ್ತು. ಎರಡು ದಿನ ಅರಳೆಯ ಬತ್ತಿಯನ್ನು ಹಾಲಲ್ಲಿ ಅದ್ದಿ ಅದರ ಬಾಯಿಗಿಟ್ಟಳು. ನಾನು ಹತ್ತಿರ ಹೋದರೆ ಸುಮ್ಮನೆ ಕೈಮಾಡಿ ದೂರ ಕೂರಿಸುತ್ತಿದ್ದಳು.

ಆಗ ನಮ್ಮ ಹೊಲದಲ್ಲಿ ಚಡಚಣದ ಕಡೆಯಿಂದ ಬಂದ ಒಬ್ಬ ಕುರುಬನ ಹಿಂಡು ತಂಗಿತ್ತು. ಗೊಬ್ಬರಕ್ಕೆಂದು ಪ್ರತಿ ವರ್ಷ ಹಾಗೆ ಹಿಂಡುಗಳು ಬಂದು ನಾಲ್ಕು ದಿನ ನಿಂತು ಹೋಗುತ್ತಿದ್ದವು. ಮೂರನೇ ಬೆಳಿಗ್ಗೆ ಎದ್ದಾಗ ಅತ್ತಿಯೂ ಇಲ್ಲ, ಮರಿಯೂ ಇಲ್ಲ. ಹುಡುಕುತ್ತ ಹೊಲಕ್ಕೆ ಓಡಿದೆ. ಬನ್ನಿಗಿಡದ ಬುಡದಲ್ಲಿ ಒಂದು ಗೋಣಿಚೀಲ ಬಿದ್ದಿತ್ತು, ಅದರ ಬಾಯಿಯಿಂದ ಒಂದು ಮರಿಯ ಮೈ ಅರ್ಧ ಹೊರಗೆ ಬಂದಿತ್ತು. ಚರ್ಮ ಸುಲಿದು ಕೆಂಪಗಿತ್ತು, ಇರುವೆ ಹತ್ತಿದ್ದವು. ಕಾಲುಗಳು ಚೀಲದೊಳಗೆ. ಚೀಲ ಸರಿಸಿ ನೋಡುವ ಧೈರ್ಯ ನನಗಿರಲಿಲ್ಲ. ಅಳುತ್ತ ಓಡಿದವನು ಕುರುಬ ಕುರಿ ಕೂಡಲು ಕಟ್ಟಿದ ಬಲೆಯ ಹತ್ತಿರದ ಮೋಟುಗೋಡೆಯ ಮೇಲಿಂದ ಇಣುಕಿದೆ. ಅಲ್ಲಿ ಗುರುತಿಲ್ಲದ ಒಂದು ಕುರಿ ನಿಂತಿತ್ತು. ಅದರ ಕೆಳಗೆ ಮುಂಗಾಲು ಮಡಿಚಿ ಒಂದು ಮರಿ ಹಾಲು ಕುಡಿಯುತ್ತಿತ್ತು. ಹಿಂದಿನ ಎಡಗಾಲು ಬೆಳ್ಳಗಿತ್ತು. ಮೈ ದೊಗಳೆಯಾಗಿ, ಬೇರೆ ಯಾರದೋ ಅಂಗಿ ತೊಟ್ಟ ಹಾಗಿತ್ತು. ಅದಕ್ಕೆ ಎರಡು ಬಾಲಗಳಿದ್ದವು. ಒಂದು ಅಲುಗುತ್ತಿತ್ತು, ಇನ್ನೊಂದು ಅಲುಗುತ್ತಿರಲಿಲ್ಲ.

ನೋಡಿದ್ದು ಒಂದು ಉಸಿರಿನಷ್ಟು ಹೊತ್ತು. ಅತ್ತಿ ಬಂದು ರಟ್ಟೆ ಹಿಡಿದು ಎಳೆದಳು, ನಿನ್ನ ಕೈ ಇನ್ನೂ ನಾರುತ್ತಿದೆ, ಅತ್ತ ಹೋಗಬೇಡ ಎಂದಳು. ಸತ್ತುಹೋಯಿತೇ ಎಂದು ಕೇಳಿದೆ. "ಸತ್ತಿಲ್ಲ," ಎಂದಳು, "ಬ್ಯಾರೆ ತಾಯಿ ಸಿಕ್ಕಾಳ. ಬದಕತೈತಿ." ಮರುದಿನ ಹಿಂಡು ಡೋಣಿ ನದಿಯ ಕಡೆಗೆ ಇಳಿದುಹೋಯಿತು. ಮುಂದಿನ ವರ್ಷ ಬೇರೆ ಹಿಂಡು ಬಂತು.

ಮರಿ ಬದುಕಿತೋ ಇಲ್ಲವೋ, ಅಂದರೆ ನಾನು ಅದನ್ನು ಕೊಂದೆನೋ ಇಲ್ಲವೋ, ಅತ್ತಿ ನನಗೆ ಹೇಳಿದ್ದು ನಿಜವೋ ಸುಳ್ಳೋ, ಇದು ನನ್ನ ಜೊತೆಗೇ ಬೆಳೆಯಿತು. ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಉತ್ತರ ಸುಲಭವಾಯಿತು. ಸುಲಿದ ಮೈ ಕಣ್ಣಾರೆ ಕಂಡದ್ದು, ಅದು ನಿಜ. ಎರಡು ಬಾಲದ್ದು ಹೆದರಿದ ಮಗುವಿನ ಕಲ್ಪನೆ. ಎರಡು ಬಾಲ ಸುಳ್ಳಾದ ಮೇಲೆ ಅದರ ಬಿಳಿ ಕಾಲೂ ಸುಳ್ಳೇ. ಅಳುವ ಹುಡುಗನ ಬಾಯಿ ಮುಚ್ಚಿಸಲು ಅತ್ತಿ ಒಂದು ಕಥೆ ಹೇಳಿದಳು, ನಾನು ಆ ಕಥೆಗೆ ಚಿತ್ರ ಬರೆದುಕೊಂಡೆ. ಇಷ್ಟು ಅಚ್ಚುಕಟ್ಟಾದ ವಿವರಣೆ ಸಿಕ್ಕವನು ಸುಮ್ಮನಿರಬೇಕಿತ್ತು.

ರಜೆಗೆ ಊರಿಗೆ ಬಂದಿದ್ದೆ. ಅತ್ತಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಆರಿಸುತ್ತ, ನೆರೆಮನೆಯ ಹೆಂಗಸರಿಗೆ ನನ್ನ ಉಣ್ಣಿ ಡಾಕ್ಟರಕಿಯ ಕಥೆ ಹೇಳುತ್ತಿದ್ದಳು. ಆ ಮರಿ ದೊಡ್ಡ ಟಗರಾಗಿ ಚಡಚಣದ ಮಂದಿಯನ್ನು ಎಷ್ಟು ಹಾಯ್ದಿದೆಯೋ ಎಂದು ನಗುತ್ತಿದ್ದಳು. ನಾನು ಅಲ್ಲೇ, ಅವರೆಲ್ಲರ ಮುಂದೆ, ತಿದ್ದಿದೆ. ಸತ್ತ ಮರಿಯನ್ನು ನಾನು ನೋಡಿದ್ದೆ ಅತ್ತಿ, ನನ್ನನ್ನು ಸಮಾಧಾನ ಮಾಡಲು ನೀನು ಸುಳ್ಳು ಹೇಳಿದೆ, ಮಕ್ಕಳಿಗೆ ಹಾಗೆ ಹೇಳುವುದು ಸಹಜ ಎಂದು, ಕ್ಷಮಿಸುವವನ ಧ್ವನಿಯಲ್ಲಿ ಹೇಳಿದೆ. ಎರಡು ಬಾಲದ ವಿಷಯವನ್ನೂ ನಗುತ್ತ ಹೇಳಿ, ನೆನಪು ಹೇಗೆ ಮೋಸ ಮಾಡುತ್ತದೆ ಎಂದು ವಿವರಿಸಿದೆ. ಅವಳ ಬೆರಳು ಜೋಳದ ಮೇಲೆ ನಿಂತಿತು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ, "ಓದಿದಾಂವ ನೀ. ಸುಳ್ಳ ಅಂದ್ರ ಸುಳ್ಳ ಇರಬೇಕ ಬಿಡಪಾ," ಎಂದು ಮತ್ತೆ ಕಲ್ಲು ಆರಿಸತೊಡಗಿದಳು. ಅಂದಿನಿಂದ ಆ ಕಥೆಯನ್ನು ಅವಳು ಯಾರಿಗೂ ಹೇಳಲಿಲ್ಲ. ನಾನು ಕೇಳಿದ್ದರೆ ಬಿಡಿಸಿ ಹೇಳುತ್ತಿದ್ದಳೋ ಏನೋ. ನಾನು ಕೇಳಲಿಲ್ಲ, ತಿಳಿಸಿದೆ. ಮರುವರ್ಷ ಅವಳು ತೀರಿಕೊಂಡಳು. ಈಯಿಸುವವರು ಇಲ್ಲದ ಹಿಂಡನ್ನು ಮುತ್ಯಾ ಆ ಬೇಸಿಗೆಯಲ್ಲೇ ಮಾರಿದ. ಹಟ್ಟಿ ಇದ್ದ ಜಾಗದಲ್ಲಿ ಈಗ ಬೇರೆಯವರ ದ್ರಾಕ್ಷಿಯ ಕಂಬಗಳಿವೆ. ಗೋಡೆಯ ಕಲ್ಲುಗಳನ್ನು ಯಾರು ಎಲ್ಲಿಗೆ ಒಯ್ದರೋ ಗೊತ್ತಿಲ್ಲ.

ಕಳೆದ ಚಳಿಗಾಲ ಬಸವನ ಬಾಗೇವಾಡಿಯ ಹತ್ತಿರ ಬೈಕಿನಲ್ಲಿ ಹೊರಟಿದ್ದೆ. ತೊಗರಿ ಕೊಯ್ದ ಹೊಲದಲ್ಲಿ ಒಂದು ಹಿಂಡು ತಂಗಿತ್ತು. ನಡುವಯಸ್ಸಿನ ಹೆಂಗಸೊಬ್ಬಳು ಬೆನ್ನಿಗೆ ಪಂಪು ಕಟ್ಟಿಕೊಂಡು ಟಗರುಗಳಿಗೆ ಉಣ್ಣಿ ಔಷಧಿ ಹೊಡೆಯುತ್ತಿದ್ದಳು. ಈದ ಕುರಿಗಳನ್ನೂ ಮರಿಗಳನ್ನೂ ಗಾಳಿಯ ಮೇಲ್ಬದಿಗೆ, ದೂರದ ಬಲೆಯೊಳಗೆ ಕಟ್ಟಿದ್ದಳು. ಯಾಕೆ ನಿಲ್ಲಿಸಿದೆನೋ, ನಿಲ್ಲಿಸಿದೆ. ಅವಕ್ಕೆ ಹೊಡೆಯುವುದಿಲ್ಲವೇನು ಯವ್ವಾ ಎಂದು ಕೇಳಿದೆ. ಹೊಡೆದರೆ ಮರಿಗೆ ಹಾಲು ಕುಡಿಸಲು ನೀವೇ ಬರುತ್ತೀರೇನು ಸರ್ರ ಎಂದು ನಕ್ಕಳು. ನಾನು ಬಲೆಯ ಕಡೆ ನೋಡಿದೆ. ಅಲ್ಲಿ ಒಂದು ಮರಿ ದೊಗಳೆ ಮೈಯಲ್ಲಿ ನಿಂತು ಹಾಲು ಕುಡಿಯುತ್ತಿತ್ತು. ಅದಕ್ಕೂ ಎರಡು ಬಾಲ. ಅದೇನು ಎಂದು ಕೇಳಿದೆ.

ಆ ಕುರಿಯ ಸ್ವಂತ ಮರಿ ನಿನ್ನೆ ಸತ್ತಿತು ಎಂದಳು ಅವಳು. ಇದು ತಬ್ಬಲಿ. ಸತ್ತ ಮರಿಯ ಚರ್ಮ ಸುಲಿದು ಇದಕ್ಕೆ ಅಂಗಿಯ ಹಾಗೆ ತೊಡಿಸಿದ್ದೇನೆ, ನಾಲ್ಕು ದಿನದಲ್ಲಿ ತಾಯಿಗೆ ರೂಢಿಯಾದ ಮೇಲೆ ತೆಗೆಯುತ್ತೇನೆ. ಹಾಗಾದರೆ ಚರ್ಮದ ಬಾಲವನ್ನು ಕತ್ತರಿಸದೆ ಯಾಕೆ ಬಿಟ್ಟಿದ್ದೀಯ ಎಂದೆ. "ಹಾಲ ಕುಡಿವಾಗ ತಾಯಿ ಮೂಸೂದು ಬಾಲದ ಬುಡಾನ್ರಿ. ಅಲ್ಲೆ ತನ್ನ ಮರಿ ವಾಸನಿ ಇಲ್ಲಂದ್ರ ಒದ್ದ ಬಿಡತೈತಿ."

ಅವಳನ್ನು ಕೇಳಿ ಬಲೆಯ ಹತ್ತಿರ ಹೋದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಣ್ಣಿನಲ್ಲಿ ಮೊಣಕಾಲೂರಿ, ಮರಿ ಹಾಲು ಕುಡಿದು ಮುಗಿಸುವವರೆಗೂ ನೋಡಿದೆ. ಅಂದು ಬನ್ನಿಗಿಡದ ಬುಡದ ಚೀಲದಲ್ಲಿ ಸುಲಿದು ಬಿದ್ದಿದ್ದದ್ದು ಆ ಗುರುತಿಲ್ಲದ ಕುರಿಯ ಸ್ವಂತ ಮರಿ. ನನ್ನ ಮರಿ ಮುಂದೆ ಎಷ್ಟು ದಿನ ಬದುಕಿತೋ, ಟಗರಾಯಿತೋ ಇಲ್ಲವೋ, ಅದನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ. ನಾನು ಪರೀಕ್ಷಿಸಿ ಖಚಿತ ಮಾಡಿಕೊಂಡದ್ದು ಇಷ್ಟು: ಬಾಲಗಳು ಎರಡಿದ್ದವು. ಒಂದು ಅಲುಗುತ್ತಿತ್ತು, ಇನ್ನೊಂದು ಅಲುಗುತ್ತಿರಲಿಲ್ಲ.