ಏಣಿಯ ಬುಡದಲ್ಲಿ ನಿಂತವರು

ಪ್ಲಾಸ್ಟರಕ್ಕ ಬೀದಿಯಲ್ಲಿ ಎದುರಾದರೆ ಜನ ಮೊದಲು ತಮ್ಮ ಕಾಲಡಿ ನೋಡಿಕೊಳ್ಳುತ್ತಿದ್ದರು, ಆಮೇಲೆ ಅವಳ ಮುಖ ನೋಡಿ ನಗುತ್ತಿದ್ದರು. ದೊಡ್ಡಾಸ್ಪತ್ರೆಯ ಮೂಳೆ ವಿಭಾಗದಲ್ಲಿ, ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ನರ್ಸಾಗಿ ಕೂದಲು ನರೆಸಿಕೊಂಡವಳು ಅವಳು. ಕೈಯನ್ನೋ ಕಾಲನ್ನೋ ಒಂದು ಸಲವಾದರೂ ಅವಳಿಗೆ ಒಪ್ಪಿಸದ ಮನೆ ಆ ಊರಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಒದ್ದೆ ಪಟ್ಟಿ ಸುತ್ತುವಾಗ ರೋಗಿ ಗಾಬರಿಯಾಗಿ ಅಲುಗಬಾರದಲ್ಲ, ಅದಕ್ಕೆ ಅವಳದೊಂದು ಮಂತ್ರವಿತ್ತು. "ಕಾಲು ನೋಡ್ಬೇಡಿ, ಮೇಲೆ ನೋಡಿ. ಮೇಲೆ ಏನಿದೆ ಹೇಳಿ?" ಮೇಲೆ ಒಂದು ಫ್ಯಾನು, ಅದರ ಪಕ್ಕ ಖಾಯಂ ನೌಕರನಂಥ ಒಂದು ಹಲ್ಲಿ. ಆ ಹಲ್ಲಿಯ ಸಂಸಾರದ ಕತೆ ಹೇಳಿ ಮುಗಿಸುವಷ್ಟರಲ್ಲಿ ಪಟ್ಟಿ ಗಟ್ಟಿಯಾಗಿರುತ್ತಿತ್ತು.

ಒಂದು ದಿನ ಮೂಳೆ ಡಾಕ್ಟರು ಎಕ್ಸ್‌ರೇ ಒಂದನ್ನು ಬೆಳಕಿಗೆ ಹಿಡಿದು ನಿಟ್ಟುಸಿರು ಬಿಟ್ಟರು. "ಸಿಸ್ಟರ್, ಇವರಲ್ಲಿ ಅರ್ಧಕ್ಕರ್ಧ ಜನ ಬೀಳದ ಹಾಗೆ ಎಚ್ಚರವಾಗಿದ್ದಿದ್ರೆ ಇಲ್ಲಿಗೆ ಬರಬೇಕಾಗೇ ಇರಲಿಲ್ಲ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದೇ ನಮ್ಮ ಕೆಲಸ ಆಗೋಯ್ತು. ನೀವು ಊರೊಳಗೆ ಹೋಗಿ ನಾಲ್ಕು ಮಾತು ಹೇಳ್ತೀರಾ? ನಿಮ್ಮ ಬಾಯಿ ಇದ್ಯಲ್ಲ, ಅದಕ್ಕೆ ಆಸ್ಪತ್ರೆ ಚಿಕ್ಕದು." ಹೊಗಳಿದರೋ ತೆಗಳಿದರೋ ಅವಳಿಗೆ ಗೊತ್ತಾಗಲಿಲ್ಲ, ಆದರೆ ಮರುವಾರವೇ ಹೊರಟಳು.

ಮೊದಮೊದಲು ಭಿತ್ತಿಪತ್ರ ಹಂಚಿದಳು. ಜನ ಅದನ್ನು ಡಬ್ಬಗಳ ಕೆಳಗೆ ಹಾಸಿಕೊಂಡರು. ಆಮೇಲೆ ಕೊಯ್ದು ತೆಗೆದ ಹಳೆಯ ಪ್ಲಾಸ್ಟರ್ ಕಾಲೊಂದನ್ನು ಚೀಲದಲ್ಲಿ ಹೊತ್ತುಕೊಂಡು ಹೋದಳು. ಮಕ್ಕಳು ಅದರೊಳಗೆ ಕಾಲು ತೂರಿಸಿ ಕುಂಟಾಟ ಆಡಿದರು. ಕೊನೆಗೆ ಅವಳಿಗೊಂದು ಸತ್ಯ ಹೊಳೆಯಿತು: 'ನೀವು ಬೀಳ್ತೀರಿ' ಎಂದರೆ ಯಾರೂ ಒಪ್ಪುವುದಿಲ್ಲ. ಬೀಳುವವರು ಯಾವಾಗಲೂ ಪಕ್ಕದ ಮನೆಯವರು. ನಿವೃತ್ತ ಮೇಷ್ಟ್ರೊಬ್ಬರಿಗೆ ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ ಎಂದಾಗ ಅವರು ಮೀಸೆ ತಿರುವಿ, "ನನಗ್ಯಾಕಮ್ಮ, ನಾನೇನು ಮುದುಕನಾ?" ಎಂದಿದ್ದರು. "ನಿಮಗಲ್ಲ ಸಾರ್, ಮನೆಗೆ ನೆಂಟರು ಬರ್ತಾರಲ್ಲ, ಅವರಿಗೆ" ಎಂದಳು. ವಾರದೊಳಗೆ ಹಿಡಿಕೆ ಬಂತು. ಮೇಷ್ಟ್ರು ದಿನಾ ಅದನ್ನೇ ಹಿಡಿದು ಏಳುತ್ತಿದ್ದರು; ಯಾರಾದರೂ ಕೇಳಿದರೆ ಮಾತ್ರ ಅದು ನೆಂಟರದ್ದು. ಅಲ್ಲಿಂದ ಆಚೆಗೆ ಆ ಬೀದಿಯ ಎಲ್ಲ ಬಚ್ಚಲಿಗೂ ನೆಂಟರ ಕಾಟ ಶುರುವಾಯಿತು.

ಹೀಗೆ ಊರು ಗೆಲ್ಲುತ್ತ ಹೊರಟವಳು ಸೋತದ್ದು ಒಬ್ಬನ ಮುಂದೆ, ಅವನು ಅವಳ ಸ್ವಂತ ಅಣ್ಣ. ಮನೆ ಗೆದ್ದು ಮಾರು ಗೆಲ್ಲು ಅಂತ ಗಾದೆ ಮಾಡಿದವರು ಅವಳ ಅಣ್ಣನನ್ನು ನೋಡಿರಲಿಲ್ಲ. ಅವನು ಬಣ್ಣದ ಮೇಸ್ತ್ರಿ. ಉದ್ದನೆಯ ಬಿದಿರೇಣಿ ಗೋಡೆಗೆ ಆನಿಸಿ, ಕೈಯಲ್ಲಿ ಡಬ್ಬ ಹಿಡಿದು, ಕಚೇರಿ ಮೆಟ್ಟಿಲು ಹತ್ತಿದಷ್ಟು ಸಲೀಸಾಗಿ ಹತ್ತಿಬಿಡುತ್ತಿದ್ದ. ಬುಡದಲ್ಲಿ ಏಣಿ ಹಿಡಿಯಲು ಯಾರೂ ಇರುತ್ತಿರಲಿಲ್ಲ, ಇರಲೂಬಾರದು. ಅದು ಆ ತಂಡದ ಕಟ್ಟಳೆ. ಯಾರಾದರೂ ಬಾಯಿ ತಪ್ಪಿ "ಸ್ವಲ್ಪ ಏಣಿ ಹಿಡೀರೋ" ಅಂದರೆ ಮುಗಿಯಿತು, ಕೆಳಗಿದ್ದವರೆಲ್ಲ "ಜೋ ಜೋ" ಎಂದು ತೊಟ್ಟಿಲು ತೂಗುವವರ ಹಾಗೆ ರಾಗ ಎಳೆಯುತ್ತಿದ್ದರು. ಆಮೇಲೆ ವರ್ಷಪೂರ್ತಿ ಅವನ ಹೆಸರು ಕೂಸು. ಅದಕ್ಕಿಂತ ಬೀಳುವುದೇ ಮೇಲು ಎಂದು ಆ ಗಂಡಸರು ತೀರ್ಮಾನಿಸಿಕೊಂಡಂತಿತ್ತು.

ಅಂಥ ಅಣ್ಣನಿಗೆ ಆಸ್ಪತ್ರೆಯ ಹಿಂಗೋಡೆಗೇ ಬಣ್ಣ ಬಳಿಯುವ ಕೆಲಸ ಸಿಕ್ಕಿತು. ಪ್ಲಾಸ್ಟರ್ ಕೋಣೆ ಇದ್ದದ್ದು ಮಹಡಿಯ ಮೇಲೆ. ಬೆಳಿಗ್ಗೆ ಅವಳು ಕಿಟಕಿ ತೆರೆದರೆ ಎದುರಿಗೆ ಎರಡು ಪಾದಗಳು. ಹೆಬ್ಬೆರಳ ಸಂದಿಯಲ್ಲಿ ಹಳದಿ ಬಣ್ಣ, ಹಿಮ್ಮಡಿಯಲ್ಲಿ ಬಿರುಕು. ಚಿಕ್ಕಂದಿನಿಂದ ನೋಡಿದ ಪಾದಗಳೇ. ಕೆಳಗೆ ಬಗ್ಗಿ ನೋಡಿದರೆ ಏಣಿಯ ಬುಡ ಬಟ್ಟೆ ಒಗೆಯುವ ಕಟ್ಟೆಯ ನೀರು ಹರಿಯುವ ನುಣುಪು ಕಲ್ಲಿನ ಮೇಲೆ! ಅವಳ ಜೀವ ಬಾಯಿಗೆ ಬಂತು. ಆ ದಿನ ಹಲ್ಲಿಯ ಕತೆ ಎರಡು ಸಲ ತಪ್ಪಿತು.

"ಅಣ್ಣಾ, ಇಳಿ."

"ಏನೇ ಪುಟ್ಟಿ, ಬಣ್ಣ ಚೆನ್ನಾಗಿಲ್ವಾ?"

"ಬಣ್ಣ ಹಾಳಾಗ್ಲಿ. ಕೆಳಗೆ ಒಬ್ಬರನ್ನ ನಿಲ್ಲಿಸ್ಕೋ."

"ನಿಲ್ಲಿಸ್ಕೋತೀನಿ, ಮೀಸೆ ಬೋಳಿಸ್ಕೊಂಡ ಮೇಲೆ" ಎಂದು ಪಾದಗಳು ಇನ್ನೊಂದು ಮೆಟ್ಟಿಲು ಮೇಲೇರಿದವು.

ಅವಳು ಅತ್ತಳು, ಬೈದಳು, ಒಂದು ವಾರ ಮಾತು ಬಿಟ್ಟಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಡಾಕ್ಟರಿಂದ ಅಪ್ಪಣೆ ತಂದು, ಊಟದ ಹೊತ್ತಿನಲ್ಲಿ ಇಡೀ ತಂಡಕ್ಕೆ ಹಿತ್ತಲಲ್ಲೇ ಪಾಠ ಇಟ್ಟುಕೊಂಡಳು. ತಂಡವೆಂದರೆ ಅಣ್ಣನಲ್ಲದೆ ಇಬ್ಬರು. ಕುಳ್ಳಗಿದ್ದ ಉದ್ದಣ್ಣ ಒಬ್ಬ. ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂಬಂತೆ ಮಾತಾಡುವ ಮೌನಿ ಇನ್ನೊಬ್ಬ. ಬುಡ ಒಣನೆಲದ ಮೇಲಿರಲಿ, ಏಣಿಯ ತಲೆಯನ್ನು ಹಗ್ಗದಲ್ಲಿ ಬಿಗಿಯಿರಿ, ಕೆಳಗೆ ಒಬ್ಬರು ಹಿಡಿದಿರಲಿ ಎಂದು ಅವಳು ವಿವರಿಸಿದಳು. ಅವರು ತಲೆಯಾಡಿಸುತ್ತ ಊಟ ಮಾಡಿದರು. ಮೇಸ್ತ್ರಿ ದೂರದಲ್ಲಿ ಡಬ್ಬದ ಮೇಲೆ ಕೂತು ಚಹಾ ಹೀರುತ್ತಿದ್ದ.

"ಅಕ್ಕಾ, ಹೇಳೋದು ಸುಲಭ" ಎಂದ ಮೌನಿ. "ಏಣಿ ಹತ್ತಿದೋರಿಗೇ ಗೊತ್ತು ಏಣಿ ಕಷ್ಟ."

ರೋಷ ಉಕ್ಕಿತು ನೋಡಿ ಪ್ಲಾಸ್ಟರಕ್ಕನಿಗೆ! "ಹಾಗಾದ್ರೆ ನಾನೇ ಹತ್ತಿ ತೋರಿಸ್ತೀನಿ" ಎಂದುಬಿಟ್ಟಳು. ಅವಳು ಆವರೆಗೆ ಹತ್ತಿದ ಅತಿ ಎತ್ತರದ ವಸ್ತು ಅಡುಗೆಮನೆಯ ಸ್ಟೂಲು.

ಎಲ್ಲ ಪಾಠದ ಪ್ರಕಾರವೇ ಮಾಡಿಸಿದಳು. ಬುಡ ಒಣನೆಲಕ್ಕೆ ಬಂತು, ತಲೆಗೆ ಹಗ್ಗ ಬಿತ್ತು, ಉದ್ದಣ್ಣ ನಗು ತಡೆಯುತ್ತ ಏಣಿಗೆ ಕೈ ಕೊಟ್ಟ. ಆಸ್ಪತ್ರೆಯ ಪ್ಯಾಂಟು ಮಡಚಿ ಹತ್ತತೊಡಗಿದಳು. ಮೌನಿ ಮೆಲ್ಲಗೆ "ಜೋ ಜೋ" ಶುರು ಮಾಡಿದ. ತನ್ನ ಕೋಣೆಯ ಕಿಟಕಿಯ ಮಟ್ಟಕ್ಕೆ ಬಂದಾಗ ಹೆದರಿ ನಿಂತಳು. ಕೆಳಗೆ ನೋಡಬಾರದು ಎಂದು ಗೊತ್ತಿತ್ತು. ಜನ್ಮದ ಅಭ್ಯಾಸ ಎಲ್ಲಿ ಹೋಗುತ್ತದೆ? ಹೆದರಿದವರಿಗೆಲ್ಲ ಏನು ಹೇಳುತ್ತಿದ್ದಳೋ ಅದನ್ನೇ ತನಗೂ ಹೇಳಿಕೊಂಡಳು: ಮೇಲೆ ನೋಡು.

ಮೇಲೆ ನೋಡಿದಳು. ಅಲ್ಲಿ ಫ್ಯಾನೂ ಇಲ್ಲ, ಹಲ್ಲಿಯೂ ಇಲ್ಲ. ಗೋಡೆಯ ಅಂಚಿನ ಮೇಲೆ ಮೋಡಗಳು ಓಡುತ್ತಿದ್ದವು. ನೋಡನೋಡುತ್ತ ಮೋಡ ನಿಂತುಹೋಗಿ ಗೋಡೆಯೇ ಓಡತೊಡಗಿತು. ಇಡೀ ಆಸ್ಪತ್ರೆ ತನ್ನ ಮೇಲೆ ಮಗುಚಿಕೊಂಡು ಬರುತ್ತಿದೆ ಅನ್ನಿಸಿತು. ಬಣ್ಣದವರು ಕಸುಬಿಗೆ ಬಂದ ಮೊದಲ ದಿನವೇ ಕಲಿಯುವ ವಿಷಯ ಅದು, ಏಣಿಯ ಮೇಲೆ ಆಕಾಶ ನೋಡಬಾರದು. ಅವಳಿಗೆ ಹೇಳುವವರು ಯಾರು? ಕೈ ಮೆಟ್ಟಿಲಿಗೆ ಅಂಟಿಕೊಂಡಿತು, ಮಂಡಿ ಗಡಗಡ ನಡುಗಿತು, ಅದರ ಜತೆ ಬಿದಿರೂ ನಡುಗಿತು.

"ಅಣ್ಣಾ!" ಎಂದಳು. ಅಷ್ಟೇ.

ಚಹಾ ಲೋಟ ಎಲ್ಲಿ ಬಿತ್ತೋ. ಮೇಸ್ತ್ರಿ ಓಡಿ ಬಂದವನೇ ಉದ್ದಣ್ಣನನ್ನು ಪಕ್ಕಕ್ಕೆ ನೂಕಿ, ಏಣಿಯನ್ನು ಎದೆಗೆ ಅವುಚಿ ಹಿಡಿದ. "ಯಾರಾದ್ರೂ ಬನ್ರೋ! ಆ ಕಡೆ ಹಿಡೀರಿ! ಮೌನಿ, ನಿನ್ನ ಬಾಯಿಗಿಷ್ಟು ಮಣ್ಣು ಹಾಕಾ, ಹಿಡಿಯೋ!" ಆಮೇಲೆ ದನಿ ಇಳಿಸಿ, "ಪುಟ್ಟಿ, ಗೋಡೆ ನೋಡೇ. ಆಕಾಶ ಬೇಡ, ಮೂಗಿನ ಮುಂದಿರೋ ಗೋಡೆ ಮಾತ್ರ ನೋಡು. ಯಾವ ಬಣ್ಣ ಇದೆ?"

"ಹ... ಹಳದಿ."

"ಚೆನ್ನಾಗಿದ್ಯಾ?"

"ಒಂದೊಂದು ಕಡೆ ತೆಳ್ಳಗಿದೆ."

"ಇಳಿದು ಬಂದು ಬೈಯುವಂತೆ. ಎಡಗಾಲು ಕೆಳಗಿಡು. ಹಾಂ. ಈಗ ಬಲಗಾಲು."

ಒಂದೊಂದೇ ಕಾಲು ಹೇಳಿ ಹೇಳಿ ಇಳಿಸಿದ. ನೆಲ ಮುಟ್ಟಿದ ಮೇಲೆ ಉದ್ದಣ್ಣನೂ ಮೌನಿಯೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಪ್ಲಾಸ್ಟರಕ್ಕನೂ ಅಳುತ್ತ ನಕ್ಕಳು. ಮೇಸ್ತ್ರಿ ಮಾತ್ರ ನಗಲಿಲ್ಲ. ಅವನು ಏಣಿಯ ಬುಡದಲ್ಲೇ ಕುಸಿದು ಕೂತಿದ್ದ, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಪುಟ್ಟಿ, ಕೆಳಗೆ ನಿಂತೋರಿಗೆ ಹೀಗಾ ಆಗೋದು?"

"ಹೀಗೇ ಅಣ್ಣ. ಆ ಕಿಟಕಿ ಹತ್ರ ನಿಂತು ದಿನಾ ನನಗೆ ಹೀಗೇ ಆಗೋದು."

ಅವನು ಎದ್ದು ಧೂಳು ಕೊಡವಿಕೊಂಡು ಅಪ್ಪಣೆ ಹೊರಡಿಸಿದ. ಇವತ್ತಿನಿಂದ ಕೆಳಗೆ ಆಳಿಲ್ಲದೆ ಯಾರೂ ಏಣಿ ಹತ್ತುವಂತಿಲ್ಲ, ಜೋ ಜೋ ಅಂದವನಿಗೆ ಅವತ್ತಿನ ಚಹಾ ಇಲ್ಲ. ಮೌನಿ ಹುಟ್ಟಿದ ಮೇಲೆ ಮೊದಲ ಸಲ ಪಿಟ್ಟೆನ್ನಲಿಲ್ಲ. ಪ್ಲಾಸ್ಟರಕ್ಕನ ಮುಖ ಅರಳಿತು. "ನೀನೂ ತಾನೆ?" ಎಂದಳು.

"ನನ್ನ ವಿಷಯ ಬಿಡು. ನನಗೆ ಅಭ್ಯಾಸ ಇದೆ" ಎಂದುಬಿಟ್ಟ ಆ ಪುಣ್ಯಾತ್ಮ.

ಅರಳಿದ ಮುಖ ಹಾಗೇ ಬಾಡಿತು. ಸಂಜೆ ಮಂಡಿ ಇನ್ನೂ ನಡುಗುತ್ತಿದ್ದುದರಿಂದ ಅಣ್ಣ ಅವಳನ್ನು ತನ್ನ ಮನೆಗೇ ಕರೆದುಕೊಂಡು ಹೋದ. ಎರಡು ಕೋಣೆಯ ಮನೆ. ಮೂಲೆಯಲ್ಲಿ ತೊಳೆದು ಒಣಗಲಿಟ್ಟ ಬ್ರಷ್ಷುಗಳು, ಎಷ್ಟು ಒರೆಸಿದರೂ ಹೋಗದ ಬಣ್ಣದ ವಾಸನೆ. ಅವನು ಚಪ್ಪಲಿ ಕಳಚಿ ದೊಪ್ಪನೆ ಕೂತ. "ನೋಡು ಪುಟ್ಟಿ, ಇದು ನಿಮ್ಮತ್ತಿಗೆ ಕಾರುಬಾರು. ಗಂಡ ದುಡಿದು ಬಂದ್ರೆ ಒಂದು ಲೋಟ ಬಿಸಿ ಚಹಾ ಕಾದಿರಲ್ಲ. ನಾನು ಬಂದು ಕೂತ ಮೇಲೇ ಇವಳು ಒಲೆ ಹಚ್ಚೋದು. ಮದುವೆಯಾದಾಗಿಂದ ಇದೇ ಕತೆ!"

ಅತ್ತಿಗೆ ಕಡ್ಡಿ ಗೀರುತ್ತಿದ್ದವಳು ತಿರುಗಿಯೂ ನೋಡಲಿಲ್ಲ. ಹೆಚ್ಚು ಮಾತಿನ ಹೆಂಗಸಲ್ಲ ಅವಳು.

"ಒಲೆ ಹಚ್ಚಿಟ್ಟು ಹೇಗೆ ಇರ್ಲಿ ಹೇಳಿ" ಎಂದಳು ಮೆಲ್ಲಗೆ. "ನೀವು ಏಣಿ ಮೇಲಿರ್ತೀರಿ, ಯಾವ ಹೊತ್ತಲ್ಲಿ ಯಾರು ಓಡಿ ಬಂದು ಕರೀತಾರೋ. ನಾನು ಹಾಗೇ ಎದ್ದು ಓಡಬೇಕಲ್ಲ. ನಿಮ್ಮ ಚಪ್ಪಲಿ ಸದ್ದು ಬಾಗಿಲಲ್ಲಿ ಕೇಳಿದ್ಮೇಲೇ ನನಗೆ ಕೈ ಬರೋದು."

ಚಹಾ ಕುದಿಯತೊಡಗಿತು. ಊರಿನ ಬಾಗಿಲೆಲ್ಲ ತಟ್ಟಿದ ಪ್ಲಾಸ್ಟರಕ್ಕ ಈ ಮನೆಯ ಅಡುಗೆ ಒಲೆಯ ಮುಂದೆ ಕೂತು, ಅತ್ತಿಗೆ, ನಿಮಗೆ ಹೆದರಿಕೆಯಾಗುತ್ತದೆಯೇ ಎಂದು ಒಂದು ಮಾತು ಕೇಳಿರಲಿಲ್ಲ. ಮೇಸ್ತ್ರಿ ಹೆಂಡತಿಯ ಬೆನ್ನನ್ನೇ ನೋಡುತ್ತ ಕೂತ. ಲೋಟ ಕೈಗೆ ಬಂದಾಗ ತಡವಾಯಿತೆಂದು ಹೇಳಲಿಲ್ಲ, ಸಕ್ಕರೆ ಕಡಿಮೆಯೆಂದೂ ಹೇಳಲಿಲ್ಲ.

ಮರುದಿನ ಅವಳು ಕಿಟಕಿ ತೆರೆದಾಗ ಎದುರಿಗೆ ಅವೇ ಪಾದಗಳು. ಎದೆ ಹಿಡಿದುಕೊಂಡೇ ಕೆಳಗೆ ಬಗ್ಗಿ ನೋಡಿದಳು. ಬುಡ ಒಣನೆಲದಲ್ಲಿತ್ತು. ಒಂದು ಕಡೆ ಉದ್ದಣ್ಣ, ಇನ್ನೊಂದು ಕಡೆ ಮೌನಿ, ಇಬ್ಬರೂ ದೇವರ ಕೋಣೆಯಲ್ಲಿ ನಿಂತವರ ಹಾಗೆ ಗಂಭೀರವಾಗಿ ಏಣಿ ಹಿಡಿದಿದ್ದರು. "ಮೀಸೆ ಇನ್ನೂ ಇದೆ ಕಣೇ, ನೋಡ್ಕೋ" ಎಂದು ಮೇಲಿನಿಂದ ದನಿ ಬಂತು.

ಸಂಜೆ ಕೆಲಸ ಬಿಡುವ ಹೊತ್ತಿಗೆ ಅವಳು ಹೆಂಗಸೊಬ್ಬಳ ಮುಂಗೈಗೆ ಪಟ್ಟಿ ಸುತ್ತುತ್ತಿದ್ದಳು. ಹಿತ್ತಲಲ್ಲಿ ಡಬ್ಬ ಜೋಡಿಸುವ ಸದ್ದು, ಕೈಕಾಲು ತೊಳೆಯುವ ಸದ್ದು. ಆಮೇಲೆ ಅಣ್ಣ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವುದು ಕೇಳಿಸಿತು. ಫೋನು ಹಿಡಿದರೆ ದನಿ ತಗ್ಗಿಸಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಹಲೋ, ನಾನು. ಏನಿಲ್ಲ, ಗಾಬರಿಯಾಗ್ಬೇಡ. ಇಳಿದೆ ಕಣೇ. ಒಲೆ ಹಚ್ಚು."

ಪ್ಲಾಸ್ಟರಕ್ಕನ ಕೈ ನಿಂತಿತು. ಕಣ್ಣು ತುಂಬಿ ಬಂದು ಮೂಗಿನ ತುದಿಯಿಂದ ಒಂದು ಹನಿ ಒದ್ದೆ ಪಟ್ಟಿಯ ಮೇಲೆ ಬಿತ್ತು. ಮೇಲೆ ಹಲ್ಲಿ ನೋಡುತ್ತ ಕೂತಿದ್ದ ಆ ಹೆಂಗಸು ತಿರುಗಿ ನೋಡಿದಳು.

"ಇದೇನ್ರೀ ಸಿಸ್ಟರ್? ಕೈ ಮುರಿದಿರೋದು ನಂದು, ಅಳ್ತಿರೋದು ನೀವು!"