ಬಸುರಿಗೆ ಚಹಾ ಕಪ್ಪಿನಲ್ಲಿ ನೀರು

ಮಾರ್ಚ್ ಕೊನೆಯ ಸೋಮವಾರ ಮಧ್ಯಾಹ್ನ, ಪತ್ರಿಕೆಯ ಕಚೇರಿಯಲ್ಲಿ ಸುದ್ದಿ ಬರೆಯುತ್ತಿದ್ದಾಗ, ನೆಲೋಗಿಯಿಂದ ನನಗೊಂದು ಫೋನ್ ಬಂತು. ಮಾಡಿದವಳು ನನ್ನ ಅಕ್ಕನ ಮಗಳು ಶಿವಲೀಲಾ. ಏಳು ತಿಂಗಳ ಬಸುರಿ. ದೂರು ಇಷ್ಟೇ: ಗಂಡನ ಮನೆಯಲ್ಲಿ ಕುಡಿಯಲು ನೀರು ಕೊಡುತ್ತಿಲ್ಲ.

‘ಮಾಮಾ, ಒಂದ್ ಚರಗಿ ನೀರ್ ಕೇಳಿದ್ರ ಅತ್ತಿ ಚಾದ ಕಪ್ಪಿನ್ಯಾಗ ಕೊಡ್ತಾರ. ಅದೂ ಅರ್ಧ.’

ನಮ್ಮ ಕಡೆಯ ಮಾರ್ಚ್ ಬಿಸಿಲು ನಿಮಗೆ ಗೊತ್ತಲ್ಲ? ನಾನು ಸಿಟ್ಟಿನಿಂದಲೇ ಆಕೆಯ ಅತ್ತೆ ನೀಲಮ್ಮನವರಿಗೆ ಫೋನ್ ಕೊಡಿಸಿದೆ.

ನೀಲಮ್ಮನವರ ಬಳಿ ಕಾರಣವಿತ್ತು. ಜೇವರ್ಗಿಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, ಹೊಟ್ಟೆಯಲ್ಲಿ ಕೂಸಿನ ಸುತ್ತ ನೀರು ಜಾಸ್ತಿ ಇದೆ ಎಂದಿದ್ದರು. ಇದ್ದದ್ದೇ ಜಾಸ್ತಿ, ಮೇಲೆ ಮತ್ತೆ ಯಾಕೆ ಸುರಿಯುವುದು? (ಲೆಕ್ಕ ಸರಿಯಾಗಿಯೇ ಇದೆ. ಹೊಟ್ಟೆ ಕೊಡವಾಗಿದ್ದರೆ.)

ಸೊಸೆಯನ್ನು ಬಾಯಾರಿಸಿ ಕೊಲ್ಲುತ್ತೀರಾ ಎಂದೆ. ಅವರಿಗೆ ಬೇಸರವಾಯಿತು.

‘ಬೀಗರ, ನಾವು ಸೊಸಿನ ಹ್ಯಾಂಗ ನೋಡ್ಕೊಂಡೀವಿ ಆಕಿನ್ನೇ ಕೇಳ್ರಿ. ನಾಕನೇ ತಿಂಗಳದಾಗ ಮೈಮ್ಯಾಲ ಅಮ್ಮ ಬಂದಾಗ ಬೇವಿನ ತೊಪ್ಪಲದಾಗ ಮಲಗ್ಸಿ ಹಗಲೂ ರಾತ್ರಿ ಕಾದೀನಿ.’

ನಾನು ನೀರಿನ ವಿಷಯ ಬಿಟ್ಟೆ. ಇದನ್ನು ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದೆ.

‘ಅವರು ಜ್ವರ ಬಂದಿತ್ತಾ ಅಂದ್ರು. ಇಲ್ಲ ಅಂದೆ. ಅಮ್ಮಗ ಜ್ವರ ಅಂತಾರೇನ್ರಿ?’

ಅವರು ಸುಳ್ಳು ಹೇಳಿರಲಿಲ್ಲ. ಮೈಮೇಲೆ ಗುಳ್ಳೆ ಎದ್ದರೆ ಅದು ದೇವಿ ಮನೆಗೆ ಬಂದ ಹಾಗೆ. ಮೊಸರನ್ನದ ಎಡೆ ಹಿಡಿದು ಕಳಿಸಿಕೊಡಬೇಕು. ದೇವಿಯ ಮಾತನ್ನು ಆಸ್ಪತ್ರೆಯಲ್ಲಿ ಯಾರು ಎತ್ತುತ್ತಾರೆ?

ಮರುದಿನ ನಾನೇ ಜೊತೆಗೆ ಹೋದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ನೀರು ಹೆಚ್ಚಾದವರಿಗೆಲ್ಲ ಸೋಂಕಿನ ಪರೀಕ್ಷೆ ಬೇಕಾಗುವುದಿಲ್ಲ, ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ ಎಂದರು. ಆದರೆ ಗುಳ್ಳೆ ಎದ್ದಿದ್ದರೆ ನೋಡಲೇಬೇಕು, ಕೆಲವು ಸೋಂಕು ತಾಯಿಯಿಂದ ಕೂಸಿಗೂ ದಾಟುತ್ತದೆ ಎಂದು ರಕ್ತ ಪರೀಕ್ಷೆ ಬರೆದರು. ಕುಡಿಯುವ ನೀರಿಗೂ ಅದಕ್ಕೂ ಸಂಬಂಧವಿಲ್ಲ ಎಂದೂ ಹೇಳಿ, ಶಿವಲೀಲಾಳಿಗೆ ತಮ್ಮದೇ ಬಾಟಲಿ ಕೊಟ್ಟರು. ಆಕೆ ಒಂದೇ ಉಸಿರಿಗೆ ಖಾಲಿ ಮಾಡಿದಳು.

ರಕ್ತ ಕಲಬುರಗಿಗೆ ಹೋಯಿತು. ವರದಿ ಬರುವ ತನಕ ನೀಲಮ್ಮ ಕುಬುಸದ, ಅಂದರೆ ಸೀಮಂತದ, ಮಾತೆತ್ತಲಿಲ್ಲ. ಕಾರ್ಯಕ್ಕೆ ತಂದ ಹಸಿರು ಸೀರೆ ಗಂಟಿನಲ್ಲೇ ಉಳಿಯಿತು. ದಿನಾ ಫೋನ್ ಮಾಡಿ, ‘ಬೀಗರ, ಪೇಪರಿನವ್ರಿಗಿ ಎಲ್ಲಾ ಮೊದ್ಲ ಗೊತ್ತಾಗ್ತದಂತಲ್ಲ’ ಎನ್ನುತ್ತಿದ್ದರು. (ಆಗುವುದಿಲ್ಲ.)

ಶನಿವಾರ ವರದಿ ಬಂತು. ಡಾಕ್ಟರಮ್ಮ ಅಂಜಿದ್ದ ಸೋಂಕು ಯಾವುದೂ ಇಲ್ಲ. ಸಕ್ಕರೆ ಸರಿಯಿದೆ. ಮತ್ತೊಮ್ಮೆ ಮಾಡಿದ ಸ್ಕ್ಯಾನಿನಲ್ಲಿ ಕೂಸು ಕಾಲು ಝಾಡಿಸುತ್ತಿತ್ತು. ನೀರು ಯಾಕೆ ಹೆಚ್ಚಾಯಿತು? ಗೊತ್ತಾಗಲಿಲ್ಲ. ಹೆರಿಗೆ ಮಾತ್ರ ಆಸ್ಪತ್ರೆಯಲ್ಲೇ ಆಗಬೇಕು ಎಂದು ತಾಕೀತಾಯಿತು.

ಕುಬುಸದ ದಿನ ಓಣಿಯೇ ಮನೆಯಲ್ಲಿತ್ತು. ಸೊಸೆಯ ಪಕ್ಕದಲ್ಲಿ ತುಂಬಿದ ಚರಗಿ. ಉಡಿ ತುಂಬಲು ಬಂದ ಪ್ರತಿ ಹೆಣ್ಣುಮಗಳಿಗೂ ನೀಲಮ್ಮನದು ಒಂದೇ ಮಾತು: ‘ಡಾಕ್ಟರಗ ಅಮ್ಮ ಬಂದಿದ್ದೂ ಹೇಳ್ಬೇಕ್ ಬೇ. ದೇವಿ ಏನ್ ಸಿಟ್ಟಾಗಲ್ಲ.’

ಕಳೆದ ಗುರುವಾರ ಅಫಜಲಪುರದ ಆಸ್ಪತ್ರೆಯಲ್ಲಿ ಶಿವಲೀಲಾ ಹೆಣ್ಣು ಕೂಸು ಹೆತ್ತಳು. ಗಟ್ಟಿ ದನಿ, ತಲೆ ತುಂಬ ಕೂದಲು. ತಾಯಿ-ಮಗಳು ಈಗ ಅತನೂರಿನ ತವರಿನಲ್ಲಿದ್ದಾರೆ.

ಇಂದು ಬೆಳಿಗ್ಗೆ ಮತ್ತೆ ಫೋನ್ ಬಂತು. ಈ ಸಲ ಮಾಡಿದವರು ನೀಲಮ್ಮ. ಬಾಣಂತಿಗೆ ನೀರು ಆಗುವುದಿಲ್ಲವೆಂದು ನನ್ನ ಅಕ್ಕ ಚಹಾ ಕಪ್ಪು ಹಿಡಿದು ಕೂತಿದ್ದಾಳಂತೆ.