ಬಟ್ಟಲ ಏಟು

ಹೋದ ತಿಂಗಳು ಒಂದು ಮಧ್ಯಾಹ್ನ ಸೊಸೆ ಸಣ್ಣ ಸೌಟಿನಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿ ಎಣ್ಣೆ ಕಾಯಿಸುತ್ತಿದ್ದಳು. ಮೊಮ್ಮಗನಿಗೆ ಕಿವಿನೋವು. ಚಿಕ್ಕೋಡಿಯ ನಮ್ಮ ಮನೆಗೆ ಆ ವಾಸನೆ ಹೊಸದೇನಲ್ಲ... ಆದರೆ ಅಂದು ಅದು ಮೂಗಿಗೆ ಬಡಿದದ್ದೇ ತಡ, ನಾನು ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಕೆಳಗಿಟ್ಟುಬಿಟ್ಟೆ. ನಲವತ್ತು ವರ್ಷಗಳ ಮೇಲಾಯಿತು. ನಿಪ್ಪಾಣಿಯ ಸಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಎಡಗಿವಿಯಿಂದ ಇದೇ ವಾಸನೆ ಬರುತ್ತಿತ್ತು.

ಅವಳ ತಾಯಿ ಬೀಡಿ ಕಟ್ಟುತ್ತಿದ್ದಳು. ಸಾಲೆ ಬಿಟ್ಟು ಮನೆಗೆ ಹೋದರೆ ಗೆಳತಿಗೂ ಅದೇ ಕೆಲಸ. ತಾಯಿ ಸುತ್ತಿಟ್ಟ ಬೀಡಿಗಳ ಬಾಯಿ ಮಡಚಬೇಕು. ಮಡಚಿ ಮಡಚಿ ಅವಳ ಹೆಬ್ಬೆರಳ ಉಗುರು ಸವೆದಿತ್ತು. ಅಂಥವಳ ತಲೆಯಲ್ಲಿ ಮಗ್ಗಿ ಎಲ್ಲಿಂದ ನಿಲ್ಲಬೇಕು? ನನಗೋ, ಮನೆಯಲ್ಲಿ ಕಡ್ಡಿ ಎತ್ತಿಡುವ ಕೆಲಸವಿರಲಿಲ್ಲ. ಮೂವತ್ತರ ತನಕ ಮಗ್ಗಿ ಬಾಯಿಪಾಠ. ಸೊಕ್ಕೂ ಅಷ್ಟೇ ಇತ್ತು.

ನಮಗೆ ಲೆಕ್ಕ ಕಲಿಸುತ್ತಿದ್ದ ಮಾಸ್ತರರು ಹೊಡೆಯುವುದರಲ್ಲಿ ಕೈ ಪಳಗಿದವರು. ಹುಣಸೆ ಬರಲಿನಿಂದ ಮೀನಖಂಡಕ್ಕೆ, ಗೆರೆ ಎಳೆಯುವ ರೂಳಿನಿಂದ ಬೆರಳ ಗೆಣ್ಣಿಗೆ. ಒಬ್ಬ ಹುಡುಗನ ಬೆರಳು ಬಾತು ಎರಡು ವಾರ ಅವನು ಎಡಗೈಯಿಂದ ಉಂಡ. ಹೊಡೆದು ಹೊಡೆದು ತಮ್ಮ ತೋಳು ಸೋತಾಗ ಅವರು ಖುರ್ಚಿಯಲ್ಲಿ ಕೂತು ನಮ್ಮ ಕೈಯಿಂದ ಹೊಡೆಸುತ್ತಿದ್ದರು. ಉತ್ತರ ಹೇಳಿದವರು ಎದ್ದು ಹೋಗಿ, ಹೇಳದವರ ಮೂಗನ್ನು ಎಡಗೈಯಿಂದ ಹಿಡಿದು, ಬಲಗೈಯಿಂದ ಕಪಾಳಕ್ಕೆ ಬಾರಿಸಬೇಕು. ಮೆಲ್ಲಗೆ ಹೊಡೆದರೆ, "ಹಂಗಲ್ಲ, ಹಿಂಗ" ಎಂದು ನಮ್ಮ ಕೆನ್ನೆಯ ಮೇಲೆಯೇ ಅವರು ಕಲಿಸುತ್ತಿದ್ದರು. ಒಮ್ಮೆ ನನಗೂ ಕಲಿಸಿದರು. ತುಟಿ ಒಡೆದು ಪಾಟಿಯ ಮೇಲೆ ರಕ್ತ ಬಿತ್ತು. ಅದನ್ನು ಲಂಗದಿಂದ ಒರೆಸಿ ಮುಂದಿನ ಲೆಕ್ಕ ಬರೆದೆ.

ಸುಳ್ಳೇಕೆ ಹೇಳಲಿ, ಬೇರೆಯವರಿಗೆ ಬಾರಿಸುವಾಗ ನನಗೆ ಹಿತವೆನಿಸುತ್ತಿತ್ತು. ನನಗಿಂತ ಎತ್ತರದ ಹುಡುಗರು ಮೂಗು ಕೊಟ್ಟು ನಿಲ್ಲುತ್ತಿದ್ದರಲ್ಲ, ಅದರ ಮಜಾ. ಒಬ್ಬನ ಮೂಗಿಗೆ ಉಗುರು ನಾಟಿಸಿದ್ದೂ ಉಂಟು. ಆದರೆ ಗೆಳತಿಯ ಮುಂದೆ ನಿಂತರೆ ಮಾತ್ರ ಕೈ ಏಳುತ್ತಿರಲಿಲ್ಲ. ಬುತ್ತಿಯಲ್ಲಿ ಶೇಂಗಾ ಹಿಂಡಿ ಹಂಚಿಕೊಂಡು ಉಂಡವಳ ಕೆನ್ನೆಗೆ ಹೇಗೆ ಹೊಡೆಯಲಿ?

ಅದಕ್ಕೊಂದು ಉಪಾಯ ನಾನೇ ಹುಡುಕಿದೆ. ಚಪ್ಪಟೆ ಅಂಗೈಯಿಂದ ಹೊಡೆದರೆ ಕೆನ್ನೆ ಉರಿಯುತ್ತದೆ, ಬೆರಳು ಮೂಡುತ್ತವೆ. ಅಂಗೈಯನ್ನು ಬಟ್ಟಲಿನಂತೆ ಬಗ್ಗಿಸಿ, ಕೆನ್ನೆ ಬಿಟ್ಟು ಕಿವಿಯ ಮೇಲೆ ಹಾಕಿದರೆ ಢಬ್ ಎಂದು ದೊಡ್ಡ ಸದ್ದು ಬರುತ್ತದೆ, ಚರ್ಮ ಕೆಂಪಾಗುವುದೂ ಇಲ್ಲ. ಸಾಲೆಯ ಹಿಂದಿನ ಗೋಡೆಯ ಮರೆಯಲ್ಲಿ ಅವಳ ಮೇಲೆಯೇ ಅಭ್ಯಾಸ ಮಾಡಿದೆ.

"ಉರೀತೈತೇನ?" ಎಂದು ಕೇಳಿದೆ.

"ಇಲ್ಲಬೇ. ಒಳಗ ಗುಂಯ್ ಅಂತೈತಿ, ಅಷ್ಟ" ಎಂದಳು.

ಇಬ್ಬರೂ ನಕ್ಕೆವು. ಅದಕ್ಕೆ ಬಟ್ಟಲ ಏಟು ಎಂದು ಹೆಸರಿಟ್ಟೆವು. ಹೊಡೆಯುವ ಮೊದಲು ನಾನು ಅವಳ ಮೂಗನ್ನು ಮೆಲ್ಲಗೆ ಅದುಮಬೇಕು, ಅವಳು ಕಣ್ಣು ಮಿಟುಕಿಸಬೇಕು, ಹೊಡೆದ ಮೇಲೆ ಅಯ್ಯವ್ವಾ ಎನ್ನಬೇಕು. ಇದು ನಮ್ಮ ಕರಾರು. ಮಾಸ್ತರರಿಗೆ ಆ ಸದ್ದು ಭಾಳ ಮೆಚ್ಚಿಗೆಯಾಯಿತು. "ನೋಡ್ರಿಲೇ, ಇದಕ್ಕಂತಾರ ಹೊಡ್ತ" ಎಂದರು. ಆಮೇಲೆ ಅವಳು ತಪ್ಪಿದಾಗಲೆಲ್ಲ ನಾನೇ ಓಡಿಹೋಗಿ ಬಾರಿಸುತ್ತಿದ್ದೆ. ಬೇರೆಯವರ ಕೈಗೆ ಅವಳು ಸಿಗಬಾರದಲ್ಲ...

ದೀಪಾವಳಿ ಸೂಟಿ ಮುಗಿದು ಬಂದಾಗ ಅವಳ ಕಿವಿಯಲ್ಲಿ ಎಣ್ಣೆ ಅದ್ದಿದ ಹತ್ತಿ ಇತ್ತು. ಕೀವು ಸೋರುತ್ತದೆ ಎಂದಳು. ಕೇಳಿದ್ದಕ್ಕೆಲ್ಲ "ಆಂ?" ಎನ್ನತೊಡಗಿದಳು. ಹದಿಮೂರ ಏಳಲೆ ಎಷ್ಟು ಎಂದು ಕೇಳಿದರೆ "ಆಂ?" ಮಾಸ್ತರರು ಅದನ್ನು ಅಣಕ ಎಂದು ತಿಳಿದರು. ಗೊತ್ತಿದ್ದ ಉತ್ತರವೂ ತಪ್ಪತೊಡಗಿತು. ತಪ್ಪಿದಾಗ ನಾನು ಇದ್ದೇ ಇದ್ದೆನಲ್ಲ, ಓಡಿಹೋಗಿ ಅದೇ ಕಿವಿಯ ಮೇಲೆ ಹಾಕುತ್ತಿದ್ದೆ. ಹತ್ತಿ ಹಾರಿ ಬೀಳುತ್ತಿತ್ತು. ಅವಳು ಅದನ್ನು ಎತ್ತಿ ಝಾಡಿಸಿ ಮತ್ತೆ ಇಟ್ಟುಕೊಳ್ಳುತ್ತಿದ್ದಳು.

ಒಂದು ದಿನ ಮಾಸ್ತರರು ಹಿಂದಿನಿಂದ ಅವಳನ್ನು ಕೂಗಿದರು. ಅವಳು ತಿರುಗಲಿಲ್ಲ. ಮತ್ತೆ ಕೂಗಿದರು. ನಾನು ಮೊಣಕೈ ತಿವಿಯುವಷ್ಟರಲ್ಲಿ ಅವರು ಜಡೆ ಹಿಡಿದು ಎಳೆದೊಯ್ದು ಅವಳ ಹಣೆಯನ್ನು ಕರಿಹಲಿಗೆಗೆ ಬಡಿದಿದ್ದರು. ಬರಲು ಮುರಿಯುವ ತನಕ ಬೆನ್ನಿಗೆ, ಕಾಲಿಗೆ ಹೊಡೆದರು. ಮುರಿದ ಮೇಲೆ ರೂಳು ತಗೊಂಡರು. ಅವಳ ಮೀನಖಂಡದ ಚರ್ಮ ಸುಲಿದು ರಕ್ತ ಹಿಮ್ಮಡಿಗೆ ಇಳಿಯಿತು. ನಾವು ನಲವತ್ತು ಮಕ್ಕಳು ಪಾಟಿ ಮುಂದಿಟ್ಟುಕೊಂಡು ಕೂತಿದ್ದೆವು. ಕೊನೆಗೆ ದಣಿದು, "ಏ ಶಾಣ್ಯಾಕಿ, ಬಾ. ನೀ ಎರಡ ಹಾಕು" ಎಂದು ನನ್ನನ್ನು ಕರೆದರು.

ಎದ್ದು ಹೋದೆ. ಮೂಗನ್ನು ಮೆಲ್ಲಗೆ ಅದುಮಿದೆ. ಅಷ್ಟು ರಕ್ತ, ಅಷ್ಟು ಕಣ್ಣೀರಿನ ನಡುವೆಯೂ ಅವಳು ಕಣ್ಣು ಮಿಟುಕಿಸಿದಳು. ಎರಡು ಹಾಕಿದೆ. ಆದರೆ ಆ ದಿನ ಅವಳು ಅಯ್ಯವ್ವಾ ಎನ್ನುವುದನ್ನು ಮರೆತಳು.

ಮರುದಿನ ಅವಳ ತಾಯಿ ಬಂದಳು. ಜಗಳಾಡುತ್ತಾಳೆ ಎಂದುಕೊಂಡೆ, ಆಡಲಿಲ್ಲ. "ಇಷ್ಟ ಹೊಡದ್ರೂ ಇದರ ತಲಿಗೆ ಹತ್ತವಲ್ದು ಅಂದ್ರ ನೀವರ ಏನ ಮಾಡ್ತೀರಿ ಸರ್? ಬಿಡಿಸ್ತೀನ್ರಿ" ಎಂದು ಪಾಟಿಚೀಲ ತಗೊಂಡು ಹೋದಳು. ಗೆಳತಿ ಬೀಡಿಯ ಮೊರದ ಮುಂದೆ ಕೂತಳು. ಅವಳ ಓಣಿ ನಮ್ಮ ಮನೆಯಿಂದ ಕೂಗಳತೆ. ನಾನು ಒಮ್ಮೆಯೂ ಹೋಗಲಿಲ್ಲ. ಏಕೆ ಎಂದರೆ ಏನು ಹೇಳಲಿ... ದಡ್ಡಿಯಾಗಿ ಸಾಲೆ ಬಿಟ್ಟವಳ ಸಹವಾಸ ಬೇಡ ಎನಿಸಿತ್ತು. ಅಂಥ ಶಾಣ್ಯಾಕಿ ನಾನು.

ಈಗ ನಮ್ಮ ಸಾಲೆಯ ವರ್ಗದವರ ವಾಟ್ಸಾಪ್ ಗುಂಪಿನಲ್ಲಿ ದಿನಾ ಇದೇ ಹಾಡು. ಆ ಕಾಲವೇ ಚಂದ, ಮಾಸ್ತರರ ಏಟು ತಿಂದೇ ನಾವು ಮನುಷ್ಯರಾದೆವು, ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ ಎಂದು. ಕೆಳಗೆ ಕೈ ಮುಗಿಯುವ ಚಿತ್ರಗಳ ಸಾಲು. ಓದಿದಾಗ ಮೈ ಉರಿಯುತ್ತದೆ. ಮನುಷ್ಯರಾದವರಷ್ಟೇ ಗುಂಪಿನಲ್ಲಿದ್ದಾರೆ, ಉಳಿದವರನ್ನು ಯಾರು ಸೇರಿಸಿದ್ದಾರೆ?

ಆ ಮಧ್ಯಾಹ್ನ ಸೊಸೆ ಕಾಯಿಸಿದ ಎಣ್ಣೆಯನ್ನು ಹಾಕಲು ಬಿಡದೆ ಮೊಮ್ಮಗನನ್ನು ಮಿರಜಿಗೆ ಕರೆದೊಯ್ದೆವು. ಕಿವಿಯ ಡಾಕ್ಟರು ಒಳಗೆ ದೀಪ ಬಿಟ್ಟು ನೋಡುತ್ತ, ಯಾರಾದರೂ ಕಿವಿಯ ಮೇಲೆ ಹೊಡೆದಿದ್ದಾರೆಯೇ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲ ಎಂದೆವು. ಬರೀ ನೆಗಡಿಯ ನೋವು ಎಂದು ಔಷಧ ಬರೆದುಕೊಟ್ಟರು. ನಾವು ಏಳುವಾಗ ಮಾತಿಗೆ ಮಾತು ಸೇರಿಸಿ ಹೇಳಿದರು: ಚಪ್ಪಟೆ ಕೈಗಿಂತ ಬಗ್ಗಿಸಿದ ಕೈಯ ಪೆಟ್ಟೇ ಕೆಟ್ಟದ್ದು, ಗಾಳಿ ಒಳಗೆ ನುಗ್ಗಿ ಕಿವಿಯ ಪರದೆ ಹರಿಯುತ್ತದೆ. ನಾನು ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಮುಂದಿನ ವಾರ ಒಬ್ಬಳೇ ಬಸ್ಸು ಹತ್ತಿ ನಿಪ್ಪಾಣಿಗೆ ಹೋದೆ. ಅವಳ ಕಾಲು ಹಿಡಿಯಬೇಕು, ನಿನ್ನ ಕಿವಿ ಹಾಳು ಮಾಡಿದವಳು ನಾನು ಎನ್ನಬೇಕು, ಬೇಕಾದರೆ ಅವಳೂ ನನ್ನ ಮೂಗು ಹಿಡಿದು ಹೊಡೆಯಲಿ. ದಾರಿಯುದ್ದಕ್ಕೂ ಇದೇ. ಓಣಿ ಬದಲಾಗಿರಲಿಲ್ಲ. ಬಾಗಿಲು ತೆರೆದವಳು ಅವಳ ಮಗಳು. ಅವ್ವ ತೀರಿಕೊಂಡು ಮೂರು ವರ್ಷವಾಯಿತು, ಎದೆರೋಗ ಎಂದಳು. ಖುರ್ಚಿ ಹಾಕಿದಳು. ನೀವ್ಯಾರು ಎಂದು ಕೇಳಿದಳು. ಸಾಲೆಯಲ್ಲಿ ನಿಮ್ಮವ್ವನ ಪಕ್ಕ ಕೂರುತ್ತಿದ್ದವಳು ಎಂದೆ.

ಅವಳ ಮುಖ ಅರಳಿತು.

"ನೀವ ಏನ್ರಿ ಆಕಿ? ಅವ್ವ ಭಾಳ ಸಲ ಹೇಳ್ತಿದ್ದಳ್ರಿ. ಸಾಲ್ಯಾಗ ಎಲ್ಲಾರೂ ಖರೇನ ಹೊಡಿತಿದ್ರಂತ, ಒಬ್ಬಾಕಿ ಅಷ್ಟ ಸುಳ್ಳ ಸುಳ್ಳ ಹೊಡಿತಿದ್ದಳಂತ."

ಹೇಳಬೇಕೆಂದು ಬಂದ ಮಾತು ಬೇರೆಯೇ ಇತ್ತು. ಹುಡುಗಿ ನನ್ನ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು.

"ಹೌದವಾ," ಎಂದೆ. "ಆಕಿ ನಾನ."